ಮೆಕ್ಯಾನಿಕ್ ಸ್ಟೆತಸ್ಕೋಪ್: ಯಾವ ಸದ್ದಿಗೆ ಆದೀತು, ಯಾವುದಕ್ಕೆ ಆಗದು

ಡಾಕ್ಟರ ಸ್ಟೆತಸ್ಕೋಪಿನಲ್ಲಿ ಬಿಲ್ಲೆ ಇರುವ ಜಾಗಕ್ಕೆ ಗೇಣುದ್ದದ ಉಕ್ಕಿನ ಸರಳು ಕೂರಿಸಿದರೆ ಮೆಕ್ಯಾನಿಕ್ ಸ್ಟೆತಸ್ಕೋಪ್ ಆಯಿತು. ಆನ್‌ಲೈನಿನಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಕಾರು, ಪಂಪು, ಫ್ಯಾನು, ಮಿಕ್ಸಿ ಎಲ್ಲದರ ಸದ್ದೂ ಇದರಿಂದ ಪತ್ತೆಯಾಗುತ್ತದೆ ಎನ್ನುತ್ತಾರೆ ಮಾರುವವರು. ಅದರಲ್ಲಿ ಅರ್ಧ ನಿಜ.

ಇದು ನಿಜಕ್ಕೂ ದುಡಿಯುವುದು ಎಂಜಿನ್ನಿನ ಬೆಲ್ಟ್ ಬದಿಯಲ್ಲಿ. ಗರಗರ ಸದ್ದು ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನದೋ, ವಾಟರ್ ಪಂಪಿನದೋ, ಬೆಲ್ಟಿಗೆ ದಾರಿ ಕೊಡುವ ಐಡ್ಲರ್ ಪುಲ್ಲಿಯದೋ ಎಂದು ಬರಿಗಿವಿಗೆ ತಿಳಿಯುವುದಿಲ್ಲ. ಎಂಜಿನ್ ಐಡಲಿನಲ್ಲಿರಲಿ. ಅಂಗಿಯ ತೋಳು, ರಬ್ಬರ್ ಟ್ಯೂಬು ಬೆಲ್ಟಿನಿಂದ ದೂರವಿರಲಿ. ಸರಳಿನ ತುದಿಯನ್ನು ತಿರುಗದ ಭಾಗಕ್ಕೆ ಮಾತ್ರ ಮೆಲ್ಲಗೆ ತಾಗಿಸಿ, ಆಮೇಲೆ ಒತ್ತಿ. ಠಕ್ಕನೆ ಬಡಿದರೆ ಕಿವಿಗೇ ಪೆಟ್ಟು. ಒಳ್ಳೆಯ ಬೇರಿಂಗ್ ಒಂದೇ ಸಮನೆ ಸುಂಯ್ಗುಡುತ್ತದೆ, ಸವೆದದ್ದು ಒರಟಾಗಿ ಕೊರೆಯುತ್ತದೆ. ಲೋಹ ಸದ್ದನ್ನು ಸಾಗಿಸುವುದರಿಂದ ಎಲ್ಲಿ ಇಟ್ಟರೂ ಏನಾದರೂ ಕೇಳಿಯೇ ಕೇಳುತ್ತದೆ. ಅತಿ ಜೋರು ಎಲ್ಲಿ ಎಂದು ಹೋಲಿಸಿ ನೋಡಬೇಕು. ಮೊದಲು ಕೇಳಿಸಿದ್ದನ್ನೇ ನಂಬಿ ಆಲ್ಟರ್ನೇಟರ್ ಬಿಚ್ಚಿಸಿದರೆ ದಂಡ ಖರ್ಚು. ಅನುಮಾನವಿದ್ದರೆ ಎಂಜಿನ್ ಆರಿಸಿ, ಹೊರಗಿನ ಬೆಲ್ಟನ್ನು ಕಳಚಿ (ಎಂಜಿನ್ನಿನ ವಾಲ್ವುಗಳನ್ನು ನಡೆಸುವ ಟೈಮಿಂಗ್ ಬೆಲ್ಟನ್ನಲ್ಲ), ಅರ್ಧ ನಿಮಿಷದೊಳಗೆ ಓಡಿಸಿ ನಿಲ್ಲಿಸಿ. ಸದ್ದು ಹೋದರೆ ಕಳ್ಳ ಆ ಬೆಲ್ಟು ಸುತ್ತುವವುಗಳಲ್ಲೇ ಇದ್ದಾನೆ. ಬೆಲ್ಟೇ ಕಿರುಚುತ್ತಿದ್ದರೆ ಸ್ಟೆತಸ್ಕೋಪೇ ಬೇಡ. ಗೆರೆಗಳಿರುವ ಬದಿಗೆ ನೀರು ಚಿಮುಕಿಸಿ: ಗಳಿಗೆ ಹೊತ್ತು ನಿಂತರೆ ಪುಲ್ಲಿಗಳ ಸಾಲು ತಪ್ಪಿದೆ, ಇನ್ನೂ ಜೋರಾದರೆ ಬೆಲ್ಟು ಸಡಿಲ.

ಓಡುವಾಗ ಮಾತ್ರ ಬರುವ ಸದ್ದಿಗೆ ಈ ಕೋಲು ದಂಡ. ಕಾಸರಗೋಡು ಕಡೆಯ ಚೆರ್ಕಳ–ಜಾಲ್ಸೂರು ರಸ್ತೆಯ ಹೊಂಡಕ್ಕಿಳಿದಾಗ ಮುಂದಿನಿಂದ ಟಕಟಕ ಬಂದರೆ ಮೊದಲು ಸ್ಟೆಬಿಲೈಸರ್ ಲಿಂಕ್ (ಕಾರು ವಾಲದಂತೆ ತಡೆಯುವ ಸರಳಿನ ಕೊಂಡಿ) ಅಲ್ಲಾಡಿಸಿ ನೋಡಬೇಕು. ವೇಗದೊಂದಿಗೆ ಏರುವ ಗುಂಯ್ಗುಡುವಿಕೆ ಬಲಕ್ಕೆ ತಿರುಗಿಸುವಾಗ ಹೆಚ್ಚಾದರೆ, ಭಾರ ಎಡಕ್ಕೆ ಬೀಳುವುದರಿಂದ, ಸಾಮಾನ್ಯವಾಗಿ ಎಡಚಕ್ರದ ಬೇರಿಂಗ್ ಸವೆದಿರುತ್ತದೆ. ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಮುಂದೆ ಹೋಗುವಾಗಿನ ಕಟಕಟ ಹೊರಗಿನ ಸಿವಿ ಜಾಯಿಂಟಿನದು (ಚಕ್ರದ ಪಕ್ಕ ಆಕ್ಸಲ್ ಬಾಗುವ ಕೀಲು).

ನಮ್ಮ ಕಡೆ ಕಾರಿಗಿಂತ ಹೆಚ್ಚು ಇದರ ಉಪಯೋಗ ಅಡಿಕೆ ತೋಟದ ಮೊನೊಬ್ಲಾಕ್ (ಮೋಟರೂ ಪಂಪೂ ಒಂದಾಗಿರುವ) ಪಂಪಿಗೆ. ಮೋಟರಿನ ಎರಡೂ ತುದಿಯ ಕವರಿಗೆ ಸರಳು ಒತ್ತಿ ಹೋಲಿಸಿದರೆ ಯಾವ ಬದಿಯ ಬೇರಿಂಗ್ ಎಂದು ಬಿಚ್ಚುವ ಮೊದಲೇ ಗೊತ್ತಾಗುತ್ತದೆ. ಹೊಸದನ್ನು ತರುವಾಗ ಹಳೆಯದರ ಮೇಲೆ ಕೊರೆದ ನಂಬರನ್ನು, ಕೊನೆಯ ಅಕ್ಷರಗಳ ಸಮೇತ, ಬರೆದುಕೊಂಡು ಹೋಗಿ. ಸದ್ದು ಮೋಟರಿನಲ್ಲಲ್ಲ, ನೀರಿನ ಬದಿಯ ಕೇಸಿಂಗಿನಲ್ಲಿ, ಒಳಗೆ ಜಲ್ಲಿ ಹೊರಳಿದಂತೆ ಕೇಳಿದರೆ ಡೆಲಿವರಿ ಗೇಟ್‌ವಾಲ್ವನ್ನು ಸ್ವಲ್ಪ ಮುಚ್ಚಿ ನೋಡಿ. ಕಡಿಮೆಯಾದರೆ ಅದು ಕ್ಯಾವಿಟೇಶನ್, ಅಂದರೆ ನೀರು ಸಾಲದೆ ಒಳಗೆ ಆವಿಯ ಗುಳ್ಳೆ ಎದ್ದು ಒಡೆಯುವುದು: ಹೀರುವ ಪೈಪಿನ ಬುಡದ ಫುಟ್‌ವಾಲ್ವ್ ಕಸ ಕಟ್ಟಿದೆ, ಇಲ್ಲವೇ ಏಪ್ರಿಲ್–ಮೇ ತಿಂಗಳಲ್ಲಿ ಬಾವಿಯ ನೀರು ಪಂಪಿನಿಂದ 7–8 ಮೀಟರಿಗಿಂತ ಕೆಳಗಿಳಿದಿದೆ. ಬೇರಿಂಗ್ ಬದಲಿಸಿ ಪ್ರಯೋಜನವಿಲ್ಲ, ಕಸ ತೆಗೆಯಬೇಕು, ಇಲ್ಲವೇ ಪಂಪನ್ನೇ ಕೆಳಗಿಳಿಸಬೇಕು. ಕೊಳವೆಬಾವಿಯ ಸಬ್‌ಮರ್ಸಿಬಲ್ಲಿಗೆ ಇದು ಎಟುಕುವುದೇ ಇಲ್ಲ.

ಮನೆಯೊಳಗೆ ಕೆಲಸ ಕಡಿಮೆ. ಫ್ಯಾನು ನಿಧಾನದಲ್ಲಿ ಗುಂಯ್ಗುಟ್ಟಿ ಫುಲ್ಲಿಗಿಟ್ಟಾಗ ಸುಮ್ಮನಾದರೆ ದೂರು ತಿರುವು ಗುಬ್ಬಿಯ ಎಲೆಕ್ಟ್ರಾನಿಕ್ ರೆಗ್ಯುಲೇಟರಿನದು. ಕೆಪಾಸಿಟರಿನ ಸ್ಟೆಪ್ ರೆಗ್ಯುಲೇಟರ್ ಹಾಕಿಸಿ. ಫ್ರಿಜ್ ಗುಂಯ್ ಎಂದು ಕೆಲವು ಸೆಕೆಂಡಿಗೆ ಟಕ್ ಎಂದು ನಿಂತು, ಮತ್ತೆ ಅದನ್ನೇ ಮಾಡುತ್ತಿದ್ದರೆ ಮೊದಲು ವೋಲ್ಟೇಜ್, ಆಮೇಲೆ ಕಂಪ್ರೆಸರ್ ಚಾಲೂ ಮಾಡುವ ಸ್ಟಾರ್ಟಿಂಗ್ ರಿಲೇ ನೋಡಿ. ಸ್ವಿಚ್‌ಬೋರ್ಡಿನ ಚಿಟಿಚಿಟಿ ಎಂದರೆ ಸಡಿಲ ಕನೆಕ್ಷನ್. ಅಲ್ಲಿಗೆ ಈ ಸರಳನ್ನು ಒಯ್ಯಲೇಬಾರದು: ಅದು ಲೋಹ, ಹಿಡಿದಿರುವುದು ನಿಮ್ಮ ಕೈ. ಮೈನ್ ಆಫ್ ಮಾಡಿ ವಯರ್‌ಮ್ಯಾನನ್ನು ಕರೆಯಿರಿ.

ದೂರುಗಳೂ ಇವೆ. ಅಗ್ಗದವುಗಳ ಕಿವಿಬಿರಡೆ ಗಟ್ಟಿ, ಐದು ನಿಮಿಷಕ್ಕೆ ನೋವು. ಕಡಲ ಬದಿಯ ಮಳೆಗಾಲದಲ್ಲಿ ಸರಳು ತುಕ್ಕು ಹಿಡಿಯುತ್ತದೆ, ಎಣ್ಣೆ ಒರೆಸಿಡಿ. ಸರಳು ತಿರುಪಿ ತೆಗೆಯಲು ಬರುವಂಥದ್ದನ್ನೇ ಕೊಳ್ಳಿ. ತೆಗೆದು ಬರಿ ಟ್ಯೂಬು ಹಿಡಿದರೆ ಎಕ್ಸಾಸ್ಟ್ ಗ್ಯಾಸ್ಕೆಟ್ ಸೋರುವ ಪುಸಪುಸವೂ ಸಿಕ್ಕಿಬೀಳುತ್ತದೆ. ವರ್ಷಕ್ಕೊಮ್ಮೆ ಬಾನೆಟ್ ತೆರೆಯುವವರಿಗೆ ಉದ್ದದ ಸ್ಕ್ರೂಡ್ರೈವರ್ ಸಾಕು, ಹಿಡಿಯನ್ನು ಕಿವಿಯ ಮುಂದಿನ ಮೂಳೆಗೆ ಒತ್ತಿ ಕೇಳಿದರಾಯಿತು. ತೋಟದಲ್ಲಿ ಎರಡು ಮೂರು ಪಂಪಿರುವವರು ಮಾತ್ರ ಸ್ಟೆತಸ್ಕೋಪ್ ಕೊಳ್ಳಿ.