ಬೂದು ನರಿಯೋ, ಕೆಂಪು ನರಿಯೋ: ಯಾವುದನ್ನು ಅರಸಿ ಹೊರಡಬೇಕು?

ಉತ್ತರ ಅಮೆರಿಕದಲ್ಲಿ ನರಿಯನ್ನು ಅದರ ನೆಲೆಯಲ್ಲೇ ಕಾಣಬೇಕೆನ್ನುವವರ ಮುಂದಿರುವ ಮುಖ್ಯ ಆಯ್ಕೆಗಳು ಎರಡು. ಮೊದಲ ಬಾರಿ ಹೊರಡುವವರಿಗೆ ಕೆಂಪು ನರಿಯೇ ಸುಲಭ. ಅದು ಹುಲ್ಲುಗಾವಲು, ಹೊಲದಂಚುಗಳಲ್ಲಿ ಓಡಾಡುತ್ತದೆ, ಹಿಮದ ಮೇಲೆ ನೆಗೆದು ಇಲಿ ಹಿಡಿಯುವುದು ದೂರದಿಂದಲೇ ಕಾಣುತ್ತದೆ.

ತಾಳ್ಮೆಯುಳ್ಳವರಿಗೆ ನಾನು ಹೇಳುವುದು ಬೂದು ನರಿಯನ್ನೇ. ಕೆನಡಾದ ದಕ್ಷಿಣ ಅಂಚಿನಿಂದ ವೆನೆಜುವೆಲಾದವರೆಗೆ ಹಬ್ಬಿರುವ ಈ ಪ್ರಾಣಿ ದಟ್ಟ ಪೊದೆ, ಕಾಡುಗಳನ್ನು ನೆಚ್ಚಿಕೊಂಡು ಹೆಚ್ಚಾಗಿ ಮುಸ್ಸಂಜೆ ಮತ್ತು ರಾತ್ರಿ ಸಂಚರಿಸುತ್ತದೆ. ಕಾಯ್ದವರಿಗೆ ಅದು ಕೊಡುವ ನೋಟ ಬೇರೆಲ್ಲೂ ಸುಲಭಕ್ಕೆ ಸಿಗದು: ಮುಂಗಾಲುಗಳನ್ನು ಒಳಕ್ಕೆ ತಿರುಗಿಸಿ ಕಾಂಡವನ್ನು ತಬ್ಬಿಕೊಂಡು, ಬಾಗಿದ ಚೂಪು ಉಗುರುಗಳನ್ನು ತೊಗಟೆಗೆ ನಾಟಿಸಿ, ಹಿಂಗಾಲುಗಳಿಂದ ದೇಹವನ್ನು ಮೇಲಕ್ಕೆ ತಳ್ಳುತ್ತಾ ಬೆಕ್ಕಿನಂತೆ ಮರವೇರುತ್ತದೆ. ನೆಟ್ಟಗಿನ ಮರದಿಂದ ಹಿಮ್ಮುಖವಾಗಿ, ಮೆಲ್ಲಮೆಲ್ಲನೆ ಇಳಿಯುತ್ತದೆ. ನಾಯಿಯ ಕುಟುಂಬದಲ್ಲಿ ಇಂಥ ಕುಶಲತೆ ತೀರಾ ವಿರಳ.

ಗುರುತಿಸುವಾಗ ಮೈಬಣ್ಣವೊಂದನ್ನೇ ನಂಬಬೇಡಿ. ಬೂದು ನರಿಯ ಕತ್ತು, ಪಕ್ಕೆ, ಕಾಲುಗಳಲ್ಲೂ ಕೆಂಪು ಛಾಯೆ ಇರುವುದರಿಂದ ಅನೇಕರು ಮೋಸಹೋಗುತ್ತಾರೆ. ಬಾಲವನ್ನು ನೋಡಿ: ತುದಿ ಬೆಳ್ಳಗಿದ್ದು ಪಾದಗಳು ಕಪ್ಪಾಗಿದ್ದರೆ ಕೆಂಪು ನರಿ; ಬಾಲದ ಮೇಲ್ಭಾಗದುದ್ದಕ್ಕೂ ಕಪ್ಪು ಗೆರೆಯಿದ್ದು ತುದಿಯೂ ಕಪ್ಪಾಗಿದ್ದರೆ ಬೂದು ನರಿ.

ಆಹಾರದಲ್ಲಿ ಅಂತರ ಕಡಿಮೆ. ಎರಡೂ ಮೊಲ, ಇಲಿ, ಕೀಟಗಳನ್ನು ತಿನ್ನುತ್ತವೆ, ಬೂದು ನರಿಗೆ ಹಣ್ಣಿನ ಒಲವು ತುಸು ಹೆಚ್ಚು.

ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ಕನ್ನಡಿಗರಿಗೆ ಮೂರನೆಯ ದಾರಿಯೊಂದಿದೆ. ಚಾನೆಲ್ ದ್ವೀಪಗಳಲ್ಲಿರುವ, ಬೂದು ನರಿಯ ವಂಶದಿಂದಲೇ ಬಂದ ಪುಟ್ಟ ದ್ವೀಪನರಿ ಹಗಲಿನಲ್ಲೂ ತಿರುಗಾಡುತ್ತದೆ. ದೋಣಿಯಲ್ಲಿ ಸಾಂಟಾ ಕ್ರೂಜ್ ದ್ವೀಪಕ್ಕೆ ಹೋದವರಿಗೆ ಅದು ಕಾಣಸಿಗುವ ಸಾಧ್ಯತೆ ಚೆನ್ನಾಗಿದೆ.