ತಿಂಗಳ ಕಂತು ಒಂದನ್ನೇ ನೋಡಿ ಕಾರು ಲೀಸ್‌ಗೆ ಸಹಿ ಹಾಕಬೇಡಿ

ದೊಡ್ಡ ಬ್ರಾಂಡಿನ ದುಬಾರಿ ಕಾರನ್ನು ಲೀಸ್‌ಗೆ (ಅಂದರೆ ಕೆಲವು ವರ್ಷ ತಿಂಗಳ ಕಂತು ಕಟ್ಟಿ ಓಡಿಸಿ ವಾಪಸ್ ಕೊಡುವ ಕರಾರಿಗೆ) ತಗೊಳ್ಳಬೇಕು ಅಂತ ಯೋಚಿಸುತ್ತಿರುವವರು ಡೀಲರ್ ಹತ್ತಿರ ಹೋಗುವ ಮೊದಲು ದಯವಿಟ್ಟು ಇದನ್ನು ಓದಿ. ನಾನು ಮೂರು ವರ್ಷ ಕಾರು ಓಡಿಸಿ ವಾಪಸ್ ಕೊಟ್ಟೆ. ವಾಪಸ್ ಕೊಟ್ಟ ದಿನ ಬಿಲ್ ಕೈಗೆ ಬಂತು. ಅವತ್ತು ಮನೆಗೆ ಬಂದು ಹಳೇ ಕಾಗದಗಳನ್ನೆಲ್ಲ ಹರಡಿಕೊಂಡು ಲೆಕ್ಕ ಹಾಕಿದಾಗಲೇ ಸಹಿ ಹಾಕಿದ ದಿನ ಏನಾಗಿತ್ತು ಅಂತ ನನಗೆ ಅರ್ಥವಾಗಿದ್ದು.

ಬೆಲೆಯ ಚೌಕಾಸಿಯಲ್ಲಿ ನಾನು ಸೋತಿರಲಿಲ್ಲ. ನಾಲ್ಕು ಡೀಲರ್‌ಗಳಿಂದ ಬೆಲೆ ಬರೆಸಿಕೊಂಡಿದ್ದೆ. ತಿಂಗಳ ಕೊನೆಯ ವಾರ ಹೋಗಿದ್ದೆ, ಟಾರ್ಗೆಟ್ ಮುಟ್ಟುವ ಒತ್ತಡ ಅವರಿಗೆ ಆಗ ಜಾಸ್ತಿ ಇರುತ್ತದೆ. ಪಟ್ಟಿ ಬೆಲೆಯ ಮೇಲೆ ಶೇಕಡಾ 6 ಇಳಿಸಿದರು. ವರ್ಷಕ್ಕೆ 20,000 ಕಿಲೋಮೀಟರ್ ಮಿತಿ, 36 ತಿಂಗಳು, ಇಂತಿಷ್ಟು ಬಡ್ಡಿ ಅಂತ ಎಲ್ಲ ಮಾತಾಯಿತು. ಸೇಲ್ಸ್‌ನವರು ಒಂದು ಬಿಳಿ ಹಾಳೆಯಲ್ಲಿ ತಿಂಗಳ ಕಂತು ಬರೆದು, ಅದರ ಸುತ್ತ ಎರಡು ಸಲ ಗೋಲ ಎಳೆದು ತೋರಿಸಿದರು. "ಇದೇ ಸರ್, ಇದಕ್ಕಿಂತ ಒಂದು ಪೈಸೆ ಜಾಸ್ತಿ ಆಗಲ್ಲ" ಅಂದರು. ನಿಜ ಹೇಳಬೇಕು ಅಂದರೆ, ಆಗಲೂ ಇಲ್ಲ.

ಸಹಿ ಹಾಕಲು ಕರೆದಾಗ ರಾತ್ರಿಯಾಗಿತ್ತು. ಫೈನಾನ್ಸ್ ಕೋಣೆಯಲ್ಲಿ ಬೇರೆಯವರು ಕೂತಿದ್ದರು. ಒಂದೊಂದೇ ಹಾಳೆ ನನ್ನ ಕಡೆ ತಳ್ಳುತ್ತಿದ್ದರು. ಪ್ರತಿ ಹಾಳೆಯ ಮೇಲ್ಭಾಗವನ್ನು ಎಡಗೈ ಅಂಗೈಯಿಂದ ಒತ್ತಿ ಹಿಡಿದು, ಬಲಗೈ ಬೆರಳಿನಿಂದ ಸಹಿ ಹಾಕುವ ಜಾಗ ತೋರಿಸುತ್ತಿದ್ದರು. ಹಾಳೆ ಜಾರದಿರಲಿ ಅಂತ ಹಿಡಿದಿದ್ದಾರೆ ಅಂದುಕೊಂಡೆ. ಕಂತಿನ ಅಂಕಿ ಮಾತ್ರ ಬೆರಳಿಟ್ಟು ತೋರಿಸಿದರು. ನನ್ನ ತಲೆಯಲ್ಲಿದ್ದ ಅಂಕಿಯೇ ಅಲ್ಲಿತ್ತು. ಹೊರಗೆ ಕಾರು ತೊಳೆದು ನಿಲ್ಲಿಸಿದ್ದರು, ಗಾಜಿನ ಆಚೆ ಕಾಣಿಸುತ್ತಿತ್ತು. ಸಹಿ ಹಾಕಿದೆ.

ಮೂರು ವರ್ಷ ಆದ ಮೇಲೆ ತಪಾಸಣೆಗೆ ಬಂದವರು ಮೊದಲು ಓಡೋಮೀಟರ್ ಫೋಟೋ ತೆಗೆದರು. ಸುಮಾರು 58,000. ನನ್ನ ಲೆಕ್ಕದಲ್ಲಿ 60,000ದ ಒಳಗೇ ಇದ್ದೆ, ನೆಮ್ಮದಿಯಾಗಿದ್ದೆ. ಅವರು ಕಾಗದ ನೋಡಿ, "ನಿಮ್ಮದು 45,000 ಇದೆಯಲ್ಲ ಸರ್" ಅಂದರು. ಒಪ್ಪಂದದಲ್ಲಿ ವರ್ಷಕ್ಕೆ 15,000 ಅಂತ ಬರೆದಿತ್ತು. ಕೆಳಗೆ ನನ್ನ ಸಹಿ. 13,000 ಕಿಲೋಮೀಟರ್ ಹೆಚ್ಚುವರಿ. ಒಂದೊಂದು ಕಿಲೋಮೀಟರಿಗೂ ದರ. ಬರೀ ಅದಕ್ಕೇ ಸುಮಾರು ಮೂರು ತಿಂಗಳ ಕಂತಿನಷ್ಟು ದುಡ್ಡು ಹೋಯಿತು.

ಕಿಲೋಮೀಟರ್ ಕಡಿಮೆ ಮಾಡಿದರೆ ಅವರಿಗೇನು ಲಾಭ? ಇದು ಗೊತ್ತಾಗಬೇಕಾದರೆ ಲೀಸ್ ಕಂತು ಹೇಗೆ ಹುಟ್ಟುತ್ತದೆ ಅಂತ ತಿಳಿದಿರಬೇಕು. ಕಷ್ಟದ ಲೆಕ್ಕವೇನಲ್ಲ. ಸ್ವಲ್ಪ ನಿಧಾನವಾಗಿ ಓದಿ.

ಲೀಸ್‌ನಲ್ಲಿ ನೀವು ಇಡೀ ಕಾರಿಗೆ ದುಡ್ಡು ಕೊಡುವುದಿಲ್ಲ. ನೀವು ಇಟ್ಟುಕೊಂಡಿರುವಷ್ಟು ಕಾಲ ಅದರ ಬೆಲೆ ಎಷ್ಟು ಇಳಿಯುತ್ತದೋ ಅಷ್ಟಕ್ಕೆ ಕೊಡುತ್ತೀರಿ. ಜೊತೆಗೆ ಬಡ್ಡಿ. ಲೀಸ್ ಮುಗಿದಾಗ ಕಾರಿನ ಬೆಲೆ ಇಷ್ಟಿರುತ್ತದೆ ಅಂತ ಫೈನಾನ್ಸ್ ಕಂಪನಿ ಮೊದಲೇ ಅಂದಾಜು ಮಾಡಿ ಬರೆಯುತ್ತದೆ. ಅದಕ್ಕೆ ರೆಸಿಡ್ಯುಯಲ್ ವ್ಯಾಲ್ಯೂ ಅನ್ನುತ್ತಾರೆ. ಸಾಮಾನ್ಯವಾಗಿ ಇದರಲ್ಲಿ ಚೌಕಾಸಿ ನಡೆಯುವುದಿಲ್ಲ. ಆದರೆ ಕಿಲೋಮೀಟರ್ ಮಿತಿ ಕಡಿಮೆ ಮಾಡಿದರೆ ಈ ಅಂಕಿ ಏರುತ್ತದೆ, ಯಾಕೆಂದರೆ ಕಡಿಮೆ ಓಡಿದ ಕಾರಿಗೆ ಬೆಲೆ ಜಾಸ್ತಿ. ಅದು ಏರಿದರೆ ಕಂತು ಇಳಿಯುತ್ತದೆ.

ಇನ್ನು ಬಡ್ಡಿ. ಅನೇಕ ಕಡೆ ಲೀಸ್ ಬಡ್ಡಿಯನ್ನು ಶೇಕಡಾ ಲೆಕ್ಕದಲ್ಲಿ ಹೇಳುವುದಿಲ್ಲ. ಮನಿ ಫ್ಯಾಕ್ಟರ್ ಅಂತ ಒಂದು ಪುಟ್ಟ ದಶಮಾಂಶ ಹೇಳುತ್ತಾರೆ, 0.00125 ಅನ್ನುವ ಥರ. ಇಷ್ಟು ಸೊನ್ನೆ ನೋಡಿದರೆ ಏನೂ ಇಲ್ಲ ಅನಿಸುತ್ತದೆ, ಅಲ್ವಾ? ಅದನ್ನು 2400ರಿಂದ ಗುಣಿಸಿ. ಶೇಕಡಾ 3 ಬರುತ್ತದೆ. ವರ್ಷಕ್ಕೆ 12 ತಿಂಗಳು, ಶೇಕಡಾವಾರಿಗೆ 100, ಮೊದಲ ದಿನದ ಬೆಲೆ ಮತ್ತು ಕೊನೆಯ ದಿನದ ಬೆಲೆಯ ಸರಾಸರಿ ತೆಗೆಯುವುದಕ್ಕೆ 2. ಮೂರನ್ನೂ ಗುಣಿಸಿದರೆ 2400. ಫೈನಾನ್ಸ್ ಕಂಪನಿ ಒಂದು ದರ ಕೊಟ್ಟಿರುತ್ತದೆ, ಅದರ ಮೇಲೆ ಡೀಲರ್ ತನ್ನ ಪಾಲು ಸೇರಿಸಿ ಹೇಳುವುದು ಬಹಳ ಕಡೆ ನಡೆಯುತ್ತದೆ. ಕೇಳದಿದ್ದರೆ ಅವರಾಗಿ ಹೇಳುವುದಿಲ್ಲ.

ಈಗ ನನ್ನ ಲೆಕ್ಕ. ಕಾರಿನ ಪಟ್ಟಿ ಬೆಲೆ 100 ಅಂತ ಇಟ್ಟುಕೊಳ್ಳಿ. ಮಾತಾಗಿದ್ದು 94. ವರ್ಷಕ್ಕೆ 20,000 ಕಿಲೋಮೀಟರಿಗೆ ರೆಸಿಡ್ಯುಯಲ್ 56. ಇಳಿಯುವ ಬೆಲೆ 38, ಅದನ್ನು 36 ತಿಂಗಳಿಗೆ ಹಂಚಿದರೆ ತಿಂಗಳಿಗೆ 1.056. ಬಡ್ಡಿಗೆ 94 ಮತ್ತು 56 ಕೂಡಿಸಿ 150, ಅದಕ್ಕೆ 0.00125 ಗುಣಿಸಿದರೆ 0.188. ಒಟ್ಟು ಕಂತು 1.24.

ಒಪ್ಪಂದದಲ್ಲಿ ಇದ್ದದ್ದು ಬೇರೆ. ಬೆಲೆ 94 ಅಲ್ಲ, 94.5. ಪೇಂಟ್ ಕಾಪಾಡುವ ಕೋಟಿಂಗ್ ಅಂತ ಅರ್ಧ ಸೇರಿಸಿದ್ದರು. ಮನಿ ಫ್ಯಾಕ್ಟರ್ 0.00125 ಅಲ್ಲ, 0.0015. ಅಂದರೆ ಬಡ್ಡಿ ಶೇಕಡಾ 3ರಿಂದ 3.6ಕ್ಕೆ ಹೋಗಿತ್ತು. ಇಷ್ಟು ಏರಿಸಿದರೆ ಕಂತೂ ಏರಬೇಕಲ್ಲ? ಅದಕ್ಕೇ ಕಿಲೋಮೀಟರ್ 15,000ಕ್ಕೆ ಇಳಿಸಿದ್ದರು. ರೆಸಿಡ್ಯುಯಲ್ 58 ಆಯಿತು. 94.5ರಲ್ಲಿ 58 ಕಳೆದರೆ 36.5, ತಿಂಗಳಿಗೆ 1.014. ಬಡ್ಡಿ 152.5ಕ್ಕೆ 0.0015, ಅಂದರೆ 0.229. ಒಟ್ಟು ಮತ್ತೆ 1.24.

ಮೂರು ಅಂಕಿ ಬದಲಾಗಿವೆ, ಕಂತು ಹಾಗೇ ಇದೆ. ಊಟದ ಮೇಜಿನ ಮೇಲೆ ಕಾಗದ ಹರಡಿಕೊಂಡು ಈ ಎರಡು ಮೊತ್ತ ಒಂದೇ ಬಂದಿದ್ದನ್ನು ನೋಡಿದಾಗ ನನಗೆ ಹೊಟ್ಟೆಯೊಳಗೆ ಏನೋ ಕಿವುಚಿದ ಹಾಗಾಯಿತು. ಕೈತಪ್ಪಿನಿಂದ ಹೀಗೆ ಆಗಲು ಸಾಧ್ಯವಿಲ್ಲ. ಯಾರೋ ಕೂತು ಹೊಂದಿಸಿದ್ದಾರೆ. ಕಷ್ಟಪಟ್ಟು ಇಳಿಸಿದ ಬೆಲೆಯನ್ನು ಎದುರಿಗೆ ಕೊಟ್ಟು, ಹಿಂದಿನ ಬಾಗಿಲಿಂದ ವಾಪಸ್ ಕಿತ್ತುಕೊಂಡಿದ್ದಾರೆ.

ಡೀಲರ್ ಹತ್ತಿರ ಹೋಗಿ ಕೇಳಿದೆ. ನನ್ನ ಜೊತೆ ಮಾತಾಡಿದ್ದ ಸೇಲ್ಸ್‌ನವರು ಅಲ್ಲಿ ಇರಲಿಲ್ಲ. ಮ್ಯಾನೇಜರ್ ನಯವಾಗಿಯೇ ಮಾತಾಡಿದರು. ಸಹಿ ಇರುವ ಹಾಳೆ ತಿರುಗಿಸಿ ತೋರಿಸಿದರು. ಬಾಯಿ ಮಾತಿನಲ್ಲಿ 20,000 ಅಂದಿದ್ದಕ್ಕೆ ನನ್ನ ಹತ್ತಿರ ಪುರಾವೆ ಇರಲಿಲ್ಲ. ಆ ಗೋಲ ಎಳೆದ ಹಾಳೆಯಲ್ಲಿ ಕಂತು ಬಿಟ್ಟು ಬೇರೇನೂ ಬರೆದಿರಲಿಲ್ಲ.

ಹಾಗಾಗಿ ಮೊದಲ ಮಾತು. ಡೀಲರ್ ನಿಮ್ಮನ್ನು ಕೂರಿಸಿ "ತಿಂಗಳಿಗೆ ಎಷ್ಟರೊಳಗೆ ಬಂದರೆ ನಿಮಗೆ ಆರಾಮ ಸರ್?" ಅಂತ ಕೇಳಿದರೆ ಉತ್ತರ ಕೊಡಬೇಡಿ. ತುಂಬಾ ಸಹಜವಾಗಿ, ನಿಮ್ಮ ಒಳ್ಳೆಯದಕ್ಕೆ ಕೇಳಿದ ಹಾಗೆ ಕೇಳುತ್ತಾರೆ. ನೀವು ಒಂದು ಅಂಕಿ ಹೇಳಿದಿರೋ, ಅಲ್ಲಿಂದ ಮುಂದೆ ಅವರ ಕೆಲಸ ಆ ಅಂಕಿ ಬರುವ ಹಾಗೆ ಉಳಿದದ್ದನ್ನು ಕುಣಿಸುವುದು. 36 ತಿಂಗಳನ್ನು 48 ಮಾಡಿದರೂ ಕಂತು ಇಳಿಸಬಹುದು. ಆಗ ವಾರಂಟಿ ಮುಗಿದ ಮೇಲೂ ಕಾರು ನಿಮ್ಮ ಕೈಯಲ್ಲೇ ಇರುವ ಸಾಧ್ಯತೆ ಇದೆ. ಈ ದರ್ಜೆಯ ಕಾರುಗಳ ರಿಪೇರಿ ಖರ್ಚು ನಿಮ್ಮ ತಲೆಗೆ ಬಂದರೆ ಕಂತಿನಲ್ಲಿ ಉಳಿಸಿದ್ದು ಒಂದೇ ಸಲಕ್ಕೆ ಹೋಗುತ್ತದೆ.

ಮೊದಲು ಬೆಲೆ ಮುಗಿಸಿ, ಕಾರನ್ನು ಕೊಂಡುಕೊಳ್ಳುವವರ ಹಾಗೇ. ಲೀಸ್ ಅನ್ನುವ ಪದವನ್ನೇ ಎತ್ತಬೇಡಿ. ಆಮೇಲೆ ಬೆಲೆ, ರೆಸಿಡ್ಯುಯಲ್, ಮನಿ ಫ್ಯಾಕ್ಟರ್ ಅಥವಾ ಬಡ್ಡಿ ದರ, ತಿಂಗಳು, ಕಿಲೋಮೀಟರ್, ಎಲ್ಲವನ್ನೂ ಒಂದೇ ಕಡೆ ಬರೆದು ಈಮೇಲ್ ಮಾಡಿ ಅಂತ ಕೇಳಿ. "ಶೋರೂಮ್‌ಗೆ ಬನ್ನಿ, ಇಲ್ಲೇ ಕೂತು ಮಾತಾಡೋಣ" ಅಂದರೆ ಬೇರೆ ಡೀಲರ್ ನೋಡಿ. ಇದರಲ್ಲಿ ನಾನು ಈಗ ಸ್ವಲ್ಪವೂ ಸಡಿಲ ಬಿಡುವುದಿಲ್ಲ.

ಹಳೇ ಕಾರು ಕೊಟ್ಟು ಹೊಸದು ತಗೊಳ್ಳುವವರು ಅದರ ಬೆಲೆಯನ್ನೂ ಬೇರೆಯಾಗಿಯೇ ಮಾತಾಡಿ. ಹಳೇ ಕಾರಿನ ಸಾಲ ಅದರ ಬೆಲೆಗಿಂತ ಜಾಸ್ತಿ ಉಳಿದಿದ್ದರೆ, ಆ ವ್ಯತ್ಯಾಸವನ್ನು ಸುಮ್ನೆ ಹೊಸ ಲೀಸ್ ಒಳಗೆ ಸೇರಿಸಿಬಿಡುತ್ತಾರೆ. ನೀವು ಬಿಟ್ಟುಕೊಟ್ಟ ಕಾರಿಗೆ ಇನ್ನೂ ಮೂರು ವರ್ಷ ಬಡ್ಡಿ ಕಟ್ಟುತ್ತಿರುತ್ತೀರಿ.

ಡೌನ್ ಪೇಮೆಂಟ್ ಜಾಸ್ತಿ ಕೊಡಿ, ಕಂತು ಹಗುರಾಗುತ್ತದೆ ಅಂತಲೂ ಹೇಳುತ್ತಾರೆ. ನನಗೂ ಹೇಳಿದ್ದರು, ಪುಣ್ಯಕ್ಕೆ ಒಪ್ಪಲಿಲ್ಲ. ಲೀಸ್ ಕಾರಿನ ಮಾಲೀಕರು ನೀವಲ್ಲ, ಫೈನಾನ್ಸ್ ಕಂಪನಿ. ಎರಡನೇ ತಿಂಗಳಲ್ಲೇ ಅಪಘಾತವಾಗಿ ಕಾರು ಪೂರ್ತಿ ಹೋದರೆ, ವಿಮೆಯ ದುಡ್ಡು ಮೊದಲು ಹೋಗುವುದು ಅವರಿಗೆ. ನೀವು ಮುಂಚೆಯೇ ಸುರಿದ ದುಡ್ಡು ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ವಿಮೆ ಕೊಡುವ ಮೊತ್ತಕ್ಕೂ ಲೀಸ್ ಬಾಕಿಗೂ ನಡುವಿನ ಅಂತರ ತುಂಬುವ ಗ್ಯಾಪ್ ಕವರ್ ಒಪ್ಪಂದದಲ್ಲಿ ಇದೆಯಾ ಅಂತಲೂ ಕೇಳಿ ತಿಳಿದುಕೊಳ್ಳಿ.

ಇನ್ನು ಆ ಕೋಟಿಂಗ್. ಮೂರು ವರ್ಷಕ್ಕೆ ವಾಪಸ್ ಕೊಡುವ ಕಾರಿನ ಪೇಂಟ್ ಕಾಪಾಡಲು ನಾನು ಬಡ್ಡಿ ಸಮೇತ ದುಡ್ಡು ಕಟ್ಟಿದ್ದೇನೆ. ಸೀಟಿನ ಬಟ್ಟೆಗೆ ಕೋಟಿಂಗ್, ಗಾಜಿನ ಮೇಲೆ ನಂಬರ್ ಕೆತ್ತುವುದು, ಲೀಸ್ ಅವಧಿಗಿಂತ ಉದ್ದದ ವಾರಂಟಿ, ಇವೆಲ್ಲ ಬೇಡ ಅಂತ ಖಡಾಖಂಡಿತ ಹೇಳಿ. ಆಮೇಲೆ ಅವು ಒಳಗೆ ಸೇರಿಲ್ಲ ಅಂತ ಅಂತಿಮ ಕಾಗದದಲ್ಲಿ ಸಾಲು ಸಾಲಾಗಿ ನೋಡಿ.

ಸಹಿ ಹಾಕುವ ಕಾಗದವನ್ನು ಹಿಂದಿನ ದಿನವೇ ಕಳಿಸಿ ಅಂತ ಕೇಳಿದರೆ ತಪ್ಪಿಲ್ಲ. ಮೇಲೆ ಕೊಟ್ಟ ಲೆಕ್ಕವನ್ನು ಮನೆಯಲ್ಲೇ ಫೋನಿನಲ್ಲಿ ಮಾಡಿಕೊಳ್ಳಿ, ಎರಡು ನಿಮಿಷ ಸಾಕು. ತೆರಿಗೆ, ಶುಲ್ಕ ಅಂತ ಸ್ವಲ್ಪ ಹೆಚ್ಚು ಕಡಿಮೆ ಇರುತ್ತದೆ, ಆದರೆ ಪ್ರತಿ ವ್ಯತ್ಯಾಸಕ್ಕೂ ಅವರು ಕಾರಣ ತೋರಿಸಬೇಕು. ಅವಧಿಗೆ ಮೊದಲೇ ಬಿಟ್ಟರೆ ಎಷ್ಟು ಕಟ್ಟಬೇಕು ಅನ್ನುವ ಷರತ್ತನ್ನೂ ಓದಿ. ಬಾಕಿ ಕಂತುಗಳಲ್ಲಿ ಬಹುಪಾಲು ಕಟ್ಟಬೇಕಾಗಿ ಬರಬಹುದು.

ಲೀಸ್ ಈಗಾಗಲೇ ನಡೆಯುತ್ತಿರುವವರು ಇವತ್ತೇ ಒಪ್ಪಂದ ತೆಗೆದು ಕಿಲೋಮೀಟರ್ ಮಿತಿ ನೋಡಿ. ಅದನ್ನು ತಿಂಗಳಿಗೆ ಭಾಗಿಸಿ, ಓಡೋಮೀಟರ್ ಜೊತೆ ಹೋಲಿಸಿ. ಮೀರುವ ಹಾಗಿದ್ದರೆ ಫೈನಾನ್ಸ್ ಕಂಪನಿಗೆ ಫೋನ್ ಮಾಡಿ, ಹೆಚ್ಚುವರಿ ಕಿಲೋಮೀಟರ್ ಈಗಲೇ ಕೊಳ್ಳಲು ಆಗುತ್ತದಾ ಕೇಳಿ. ಕೊನೆಯಲ್ಲಿ ಕಟ್ಟುವುದಕ್ಕಿಂತ ಅದು ಸಾಮಾನ್ಯವಾಗಿ ಅಗ್ಗ.

ವಾಪಸ್ ಕೊಡುವ ಒಂದೆರಡು ತಿಂಗಳು ಮೊದಲು ತಪಾಸಣೆ ಮಾಡಿಸಿಕೊಳ್ಳಿ. ನನ್ನ ಕಾರಿಗೆ ಬಂದವರು ಮಂಡಿಯೂರಿ ಕೂತು, ರಿಮ್ ಮೇಲಿನ ಗೀರಿನ ಮೇಲೆ ಒಂದು ಪ್ಲಾಸ್ಟಿಕ್ ಕಾರ್ಡ್ ಇಟ್ಟರು. ಗೀರು ಕಾರ್ಡಿನ ಅಂಚು ದಾಟಿತ್ತು. ಅಷ್ಟಕ್ಕೇ ಒಂದು ಚಕ್ರದ ಬಿಲ್. ಆಮೇಲೆ ಟೈರಿನ ಸಂದಿಗೆ ಸಣ್ಣ ಅಳತೆ ಕಡ್ಡಿ ಇಳಿಸಿದರು, ಎರಡು ಟೈರ್ ಸವೆದಿದೆ ಅಂದರು. ರಿಮ್ ಕೆಲಸವನ್ನು ನಾನೇ ಹೊರಗೆ ಮಾಡಿಸಿದ್ದರೆ ಬಹಳ ಕಡಿಮೆಗೆ ಆಗುತ್ತಿತ್ತು. ಕೊಡುವ ದಿನ ಕಾರಿನ ನಾಲ್ಕೂ ಕಡೆ, ನಾಲ್ಕೂ ಚಕ್ರ, ಓಡೋಮೀಟರ್, ಎಲ್ಲದರ ಫೋಟೋ ಇಟ್ಟುಕೊಳ್ಳಿ. ಎರಡನೇ ಕೀಲಿ ಎಲ್ಲಿದೆ ಅಂತ ಈಗಲೇ ಹುಡುಕಿ ಇಡಿ, ಅದಿಲ್ಲದಿದ್ದರೆ ಅದಕ್ಕೂ ಬಿಲ್ ಹಾಕುತ್ತಾರೆ.