ಒಂದು ಮದುವೆ, 50 ಜಿಬಿ: ಪೆನ್‌ಡ್ರೈವ್, ವೈಫೈ, ಲ್ಯಾನ್ ಕೇಬಲ್ ಮೂರನ್ನೂ ನೋಡಿದೆ

ಮದುವೆ ವಿಡಿಯೊ ಎಡಿಟಿಂಗ್ ನನ್ನ ಕೆಲಸ. ಎಡಿಟ್ ಮಾಡುವುದು ದಾವಣಗೆರೆ ನಿಟ್ಟುವಳ್ಳಿಯ ಮನೆಯಲ್ಲಿರುವ ಡೆಸ್ಕ್‌ಟಾಪ್‌ನಲ್ಲಿ, ಪಾರ್ಟಿಯವರಿಗೆ ತೋರಿಸುವುದು ಲ್ಯಾಪ್‌ಟಾಪ್‌ನಲ್ಲಿ. ಹೊಳಲ್ಕೆರೆ, ಚಿತ್ರದುರ್ಗ ಕಡೆಯವರಾದರೆ ಬೆಳಿಗ್ಗೆ ಬಸ್ಸಿಗೆ ಹೊರಡುವ ಮುಂಚೆ ಎಲ್ಲ ಫೈಲ್ ಲ್ಯಾಪ್‌ಟಾಪ್‌ಗೆ ಬಂದಿರಬೇಕು. ಈ ಸಲ ಒಂದೇ ಮದುವೆಯ 50 ಜಿಬಿಯನ್ನು ಬೇರೆ ಬೇರೆ ದಾರಿಯಲ್ಲಿ ಕಳಿಸಿ, ಟೈಮ್ ಬರೆದಿಟ್ಟುಕೊಂಡೆ.

ಮೊದಲು ಪೆನ್‌ಡ್ರೈವ್. ನನ್ನದು 32 ಜಿಬಿ, ಹಾಗಾಗಿ ಎರಡು ಸುತ್ತು. ಪೆನ್‌ಡ್ರೈವ್‌ಗೆ ಬರೆಯುವಾಗ ಸೆಕೆಂಡಿಗೆ 20 ಎಂಬಿ ದಾಟಲಿಲ್ಲ. ಒಟ್ಟು ಒಂದು ಗಂಟೆ ಹಿಡಿಯಿತು. ಅದರ ಮೇಲೆ ಮಾಂಗಲ್ಯಧಾರಣೆಯ 6 ಜಿಬಿ ಫೈಲ್ ಕಾಪಿಯೇ ಆಗಲಿಲ್ಲ. ಜಾಗ ಇತ್ತು, ಆದರೂ ಫೈಲ್ ದೊಡ್ಡದಾಯಿತು ಅಂತ ಬಂತು. ಕಾರಣ ಫ್ಯಾಟ್32, ಅಂದರೆ ಪೆನ್‌ಡ್ರೈವ್‌ನಲ್ಲಿ ಫೈಲ್ ಜೋಡಿಸಿಡುವ ಒಂದು ಹಳೆ ಫಾರ್ಮ್ಯಾಟ್. ಆ ಫಾರ್ಮ್ಯಾಟ್‌ನಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಕೂರುವುದಿಲ್ಲ. ಆ ಮಿತಿ ಇಲ್ಲದ ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿದ ಮೇಲೆ ಹೋಯಿತು. ಫಾರ್ಮ್ಯಾಟ್ ಮಾಡಿದರೆ ಒಳಗಿದ್ದದ್ದೆಲ್ಲ ಅಳಿಸಿಹೋಗುತ್ತದೆ, ಮೊದಲೇ ಬೇರೆ ಕಡೆ ತೆಗೆದಿಟ್ಟುಕೊಳ್ಳಿ.

ಗೂಗಲ್ ಡ್ರೈವ್‌ನಲ್ಲಿ ಉಚಿತವಾಗಿ ಸಿಗುವುದು 15 ಜಿಬಿ, ಅದರಲ್ಲೇ ಜಿಮೇಲ್‌ಗೂ ಪಾಲು. ಈ ಕೆಲಸಕ್ಕೆ ಸಾಲದು.

ವೈಫೈಯಲ್ಲಿ ಫೋಲ್ಡರ್ ಶೇರ್ ಮಾಡಿದೆ. ಕೂತಲ್ಲೇ ಆಗುವ ಕೆಲಸ, ನಿಜ. ಆದರೆ ನಮ್ಮ ರೂಟರ್ 2.4 ಗಿಗಾಹರ್ಟ್ಸ್‌ನದು, ನಡುವೆ ಎರಡು ಗೋಡೆ. ಡೆಸ್ಕ್‌ಟಾಪ್‌ನಿಂದ ರೂಟರ್‌ಗೆ, ರೂಟರ್‌ನಿಂದ ಲ್ಯಾಪ್‌ಟಾಪ್‌ಗೆ, ಹೀಗೆ ಒಂದೇ ಫೈಲ್ ಗಾಳಿಯಲ್ಲಿ ಎರಡು ಸಲ ಹೋಗಬೇಕು. ಸೆಕೆಂಡಿಗೆ 5 ಎಂಬಿ ಬಂತು. ಅರ್ಧ ಗಂಟೆ ಆಗಿತ್ತೇನೋ, ಕರೆಂಟ್ ಹೋಯಿತು. ಡೆಸ್ಕ್‌ಟಾಪ್‌ಗೆ ಯುಪಿಎಸ್ ಇದೆ, ರೂಟರ್‌ಗೆ ಇಲ್ಲ. ಕಾಪಿ ಅಲ್ಲೇ ನಿಂತಿತು. ಪೂರ್ತಿ ಆಗಿದ್ದರೂ ಎರಡೂವರೆ ಗಂಟೆ ದಾಟುತ್ತಿತ್ತು.

ಕೊನೆಗೆ ಲ್ಯಾನ್ ಕೇಬಲ್. ರೂಟರ್ ಬೇಡ, ಎರಡು ಕಂಪ್ಯೂಟರ್‌ಗೂ ನೇರ ಚುಚ್ಚಿದರೆ ಆಯಿತು. ಹಿಂದೆ ಇದಕ್ಕೆ ಕ್ರಾಸ್ ಕೇಬಲ್, ಅಂದರೆ ಒಂದು ತುದಿಯಲ್ಲಿ ತಂತಿಗಳನ್ನು ಅದಲುಬದಲು ಮಾಡಿದ ಕೇಬಲ್, ಬೇಕಿತ್ತು. ಈಗಿನ ಗಿಗಾಬಿಟ್ ಪೋರ್ಟ್‌ಗಳಿಗೆ ಸಾದಾ ಕೇಬಲ್ ಸಾಕು. ಡೆಸ್ಕ್‌ಟಾಪ್‌ಗೆ 192.168.10.1, ಲ್ಯಾಪ್‌ಟಾಪ್‌ಗೆ 192.168.10.2 ಅಂತ ಐಪಿ, ಅಂದರೆ ನೆಟ್‌ವರ್ಕ್‌ನಲ್ಲಿ ಆ ಕಂಪ್ಯೂಟರ್‌ನ ವಿಳಾಸ, ಕೊಟ್ಟೆ. ಎರಡೂ ಒಂದೇ ನೆಟ್‌ವರ್ಕ್‌ನವು ಅಂತ ತಿಳಿಸುವ ಸಬ್‌ನೆಟ್ ಮಾಸ್ಕ್ ಎರಡಕ್ಕೂ 255.255.255.0, ಹೊರಗಿನ ನೆಟ್‌ವರ್ಕ್‌ಗೆ ದಾರಿಯಾದ ಗೇಟ್‌ವೇ ಖಾಲಿ. ಆಮೇಲೆ ಫೋಲ್ಡರ್ ಶೇರ್ ಮಾಡಿ, ಲ್ಯಾಪ್‌ಟಾಪ್‌ನ ಫೈಲ್ ಎಕ್ಸ್‌ಪ್ಲೋರರ್ ಅಡ್ರೆಸ್ ಬಾರ್‌ನಲ್ಲಿ ಎರಡು ಬ್ಯಾಕ್‌ಸ್ಲ್ಯಾಷ್ (\\) ಹಾಕಿ ಡೆಸ್ಕ್‌ಟಾಪ್‌ನ ಐಪಿ ಬರೆದೆ. ಫೋಲ್ಡರ್ ಕಾಣಿಸಿತು.

ಆದರೆ ವೇಗ ಬರೀ 11 ಎಂಬಿ! ಪಕ್ಕದಲ್ಲಿದ್ದ ತಮ್ಮ ಅಡಾಪ್ಟರ್ ಸ್ಟೇಟಸ್ ತೆಗೆದು, "ಅಣ್ಣಾ, ಇಲ್ಲಿ 100 ಎಂಬಿಪಿಎಸ್ ಅಂತ ಇದೆ ನೋಡು" ಅಂದ. ಎಂಬಿಪಿಎಸ್ ಅಂದರೆ ಸೆಕೆಂಡಿಗೆ ಮೆಗಾಬಿಟ್; ಎಂಟು ಬಿಟ್ ಸೇರಿದರೆ ಒಂದು ಬೈಟ್, ಹಾಗಾಗಿ 100 ಎಂಬಿಪಿಎಸ್ ಅಂದರೆ ಸುಮಾರು 12 ಎಂಬಿ ಅಷ್ಟೇ. ಗಿಗಾಬಿಟ್ ಅದರ ಹತ್ತು ಪಟ್ಟು. ತಪ್ಪು ಕೇಬಲ್‌ನಲ್ಲಿತ್ತು. ಒಳಗೆ ಎಂಟು ತಂತಿ ಇರುತ್ತವೆ. ನಾಲ್ಕೇ ಸರಿಯಿದ್ದರೂ ಕನೆಕ್ಷನ್ ಬರುತ್ತದೆ, ಆದರೆ 100ಕ್ಕೆ ನಿಲ್ಲುತ್ತದೆ. ಗಿಗಾಬಿಟ್‌ಗೆ ಎಂಟೂ ಬೇಕು. ನನ್ನ ಹಳೆ ಕೇಬಲ್‌ನ ಕ್ಲಿಪ್ ಮುರಿದಿತ್ತು, ಬುಡದಲ್ಲಿ ಒಂದು ಕಂದು ತಂತಿ ಹೊರಗೆ ಇಣುಕುತ್ತಿತ್ತು. ಕ್ಯಾಟ್ 6 ದರ್ಜೆಯ ಹೊಸ ಲ್ಯಾನ್ ಕೇಬಲ್ ಹಾಕಿದ ಕೂಡಲೇ 1 ಜಿಬಿಪಿಎಸ್ ತೋರಿಸಿತು, ಕಾಪಿ 110 ಎಂಬಿಗೆ ಏರಿತು. 50 ಜಿಬಿ ಎಂಟು ನಿಮಿಷದಲ್ಲಿ ಮುಗಿಯಿತು. ಕರೆಂಟ್ ಹೋದರೂ ಅಷ್ಟು ಹೊತ್ತು ನನ್ನ ಯುಪಿಎಸ್ ತಡೆಯುತ್ತದೆ, ನನಗೆ ಅದೇ ದೊಡ್ಡ ಸಮಾಧಾನ. ಲ್ಯಾಪ್‌ಟಾಪ್‌ನಲ್ಲಿ ಲ್ಯಾನ್ ಪೋರ್ಟ್ ಇಲ್ಲದಿದ್ದರೆ ಯುಎಸ್‌ಬಿ 3.0 ಗಿಗಾಬಿಟ್ ಅಡಾಪ್ಟರ್ ತಗೊಳ್ಳಿ. 2.0ದು ತಂದರೆ ವೇಗ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ.

ಈಗ ಲಗ್ನಪತ್ರಿಕೆಯಂಥ ಚಿಕ್ಕ ಫೈಲ್‌ಗೆ ಮಾತ್ರ ಪೆನ್‌ಡ್ರೈವ್, ಮದುವೆ ವಿಡಿಯೊ ಎಲ್ಲ ಕೇಬಲ್‌ನಲ್ಲೇ. ಯಾವ ದಾರಿಯಾದರೂ ಕಟ್ ಮಾಡುವುದಿಲ್ಲ, ಕಾಪಿಯೇ ಮಾಡುತ್ತೇನೆ. ಎರಡೂ ಕಡೆ ಪ್ರಾಪರ್ಟೀಸ್ ತೆಗೆದು ಫೈಲ್ ಎಷ್ಟು, ಸೈಜ್ ಎಷ್ಟು ಅಂತ ತಾಳೆ ನೋಡುತ್ತೇನೆ. ಮಾಂಗಲ್ಯಧಾರಣೆ ಫೈಲನ್ನು ಲ್ಯಾಪ್‌ಟಾಪ್‌ನಲ್ಲಿ ಪ್ಲೇ ಮಾಡಿ ನೋಡಿದ ಮೇಲೇ ಬ್ಯಾಗ್ ಮುಚ್ಚುವುದು.